ಮದುವೆ ವಿಡಿಯೋ ನಿಂತು ನಿಂತು ಬರ್ತಿದೆ, ರ್ಯಾಮ್ ಹಾಕಿಸ್ಲಾ?

ಪ್ರಶ್ನೆ: ನಮಸ್ಕಾರ. ನಾನು ಮಂಡ್ಯದವನು, ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆಗಿದೀನಿ. ಹೋದ ವರ್ಷ ಆಫೀಸಲ್ಲಿ ಬಳಸಿ ಬಿಟ್ಟ ಒಂದು ಪುಟ್ಟ ಕಂಪ್ಯೂಟರ್ ತಗೊಂಡು (ಐ5, ನಾಲ್ಕನೇ ಜನರೇಷನ್, 8 ಜಿಬಿ ರ್ಯಾಮ್, ವಿಂಡೋಸ್ 10) ಹಾಲ್‌ನಲ್ಲಿರೋ 43 ಇಂಚಿನ 4ಕೆ ಟಿವಿಗೆ ಹಾಕ್ಕೊಂಡಿದೀನಿ. ಹಳೇ ಸಿನಿಮಾ ಎಲ್ಲಾ ಚೆನ್ನಾಗಿ ಓಡುತ್ತೆ. ಈಗ ಮಗಳ ಮದುವೆ ವಿಡಿಯೋ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದಾರೆ, 4ಕೆ ಅಂತೆ, ಅದನ್ನ ಹಾಕಿದ್ರೆ ಮಾತ್ರ ಚಿತ್ರ ನಿಂತು ನಿಂತು ಬರುತ್ತೆ, ಮಂತ್ರ ಮುಂದಕ್ಕೆ ಹೋಗ್ಬಿಡುತ್ತೆ ಧಾರೆ ಹಿಂದೆ ಉಳ್ಕೊಳ್ಳುತ್ತೆ, ಫ್ಯಾನ್ ಜೋರಾಗಿ ಕೂಗುತ್ತೆ. ಅಂಗಡಿಯವರು ರ್ಯಾಮ್ 16 ಮಾಡ್ಸಿ, ಅದಕ್ಕೂ ಆಗ್ಲಿಲ್ಲ ಅಂದ್ರೆ ಐ7 ಹಾಕ್ಸಿ ಅಂತಿದಾರೆ. ಯೂಟ್ಯೂಬಲ್ಲಿ ಜಂಬೂಸವಾರಿ 4ಕೆ ಇಟ್ರೂ ಇದೇ ಕಥೆ. ದುಡ್ಡು ಹಾಕ್ಲಾ ಬೇಡ್ವಾ?

ಉತ್ತರ: ಮೇಷ್ಟ್ರೇ, ನಮಸ್ಕಾರ. ದಯವಿಟ್ಟು ಈಗ್ಲೇ ಅಂಗಡಿಗೆ ದುಡ್ಡು ಕೊಡ್ಬೇಡಿ. ರ್ಯಾಮ್ 16 ಏನು, 32 ಮಾಡ್ಸಿದ್ರೂ ನಿಮ್ಮ ಧಾರೆ ಮಂತ್ರದ ಜೊತೆಗೆ ಬರಲ್ಲ, ಅದೇ ನಾಲ್ಕನೇ ಜನರೇಷನ್ನಿನ ಐ7 ಹಾಕ್ಸಿದ್ರೂ ಫ್ಯಾನ್ ಕೂಗೋದು ತಪ್ಪಲ್ಲ. ನಿಮ್ಮ ಚಿಪ್ಪೊಳಗೆ ಈ ಜಾತಿ ವಿಡಿಯೋನ ಬಿಚ್ಚೋಕೆ, ಅಂದ್ರೆ ಒತ್ತಿಟ್ಟಿರೋ ಫೈಲನ್ನ ಮತ್ತೆ ಚಿತ್ರ ಮಾಡೋಕೆ (ಡಿಕೋಡ್ ಅಂತಾರೆ) ಅಂತ ಇರ್ಬೇಕಾದ ಸರ್ಕ್ಯೂಟೇ ಇಲ್ಲ, ಅದು ಆಮೇಲಿಂದ ಹಾಕ್ಸೋ ಸಾಮಾನೂ ಅಲ್ಲ. ನಾನು ಮೈಸೂರಲ್ಲಿ ಮನೆ ಮನೆಗೆ ಹೋಗಿ ಟಿವಿ ಹಿಂದೆ ಪುಟ್ಟ ಕಂಪ್ಯೂಟರ್ ಕೂರ್ಸೋ ಕೆಲ್ಸ ಮಾಡ್ತೀನಿ, ಇದೇ ಕಾರಣಕ್ಕೆ ಸುಮ್ನೆ ರ್ಯಾಮ್ ಹಾಕ್ಸಿ ದುಡ್ಡು ಕಳ್ಕೊಂಡವ್ರನ್ನ ಎಷ್ಟು ಜನನ್ನ ನೋಡಿದೀನೋ ಲೆಕ್ಕ ಇಲ್ಲ, ಅದಕ್ಕೇ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಮಂಡ್ಯದವ್ರಿಗೆ ಆಲೆಮನೆ ವಿಷ್ಯ ನಾನು ಹೇಳ್ಕೊಡ್ಬೇಕಾಗಿಲ್ಲ. ಗಾಣಕ್ಕೆ ಕಬ್ಬು ಕೊಟ್ರೆ ಒಂದು ಕಡೆ ಹಾಲು ಇಳಿಯುತ್ತೆ ಇನ್ನೊಂದು ಕಡೆ ಸಿಪ್ಪೆ ಹೋಗುತ್ತೆ, ಗಾಣಕ್ಕೆ ಅದೊಂದೇ ಕೆಲ್ಸ ಗೊತ್ತಿರೋದು ಆದ್ರೆ ದಿನವಿಡೀ ಆಯಾಸ ಇಲ್ದೆ ಮಾಡುತ್ತೆ. ಪ್ರೊಸೆಸರ್ ಅಂದ್ರೆ ಎಲ್ಲಾ ಕೆಲ್ಸ ಬಲ್ಲ ಆಳು ಇದ್ದ ಹಾಗೆ, ನೀರು ಹಾಯಿಸ್ತಾನೆ, ಗೊಬ್ಬರ ಹಾಕ್ತಾನೆ, ಲೆಕ್ಕಾನೂ ಬರೀತಾನೆ, ಹೇಳಿದ್ರೆ ಕಬ್ಬನ್ನ ಕಲ್ಲಲ್ಲಿ ಜಜ್ಜಿ ಹಾಲೂ ತೆಗೀತಾನೆ, ಆದ್ರೆ ಒಂದು ಗಾಡಿ ಕಬ್ಬು ಜಜ್ಜು ಅಂದ್ರೆ ಏನಾಗ್ಬೇಡ. ನಿಮ್ಮ ಬಾಕ್ಸಲ್ಲಿ ಫ್ಯಾನ್ ಕೂಗ್ತಿರೋದು ಆ ಆಳು ಏದುಸಿರು ಬಿಡ್ತಿರೋದು. ಅಂಗಡಿಯವ್ರು ಹೇಳ್ತಿರೋ ರ್ಯಾಮ್ ಅಂದ್ರೆ ಅಂಗಳ ದೊಡ್ಡದು ಮಾಡೋದು, ಐ7 ಅಂದ್ರೆ ಇನ್ನೂ ಸ್ವಲ್ಪ ಗಟ್ಟಿ ಆಳನ್ನ ಕರ್ಸೋದು, ಗಾಣ ಅಂತೂ ಎರಡರಲ್ಲೂ ಬರಲ್ಲ.

ಹಂಗಾದ್ರೆ ಹಳೇ ಸಿನಿಮಾ ಹೆಂಗೆ ಓಡ್ತವೆ ಅಂತ ಕೇಳ್ತೀರಿ. ನಿಮ್ಮ ಚಿಪ್ಪಲ್ಲಿ ಒಂದು ಗಾಣ ಇದೆ, ಅದು ಎಚ್.264 ಅನ್ನೋ ಜಾತಿಗೆ, ಜಾತಿ ಅಂದ್ರೆ ವಿಡಿಯೋನ ಒತ್ತಿ ಚಿಕ್ಕದು ಮಾಡಿಡೋ ವಿಧಾನ. 2003ರಲ್ಲಿ ಬಂದ ಸ್ಟ್ಯಾಂಡರ್ಡ್ ಅದು, ಇವತ್ತಿಗೂ ಅರ್ಧ ಪ್ರಪಂಚ ಅದ್ರಲ್ಲೇ ನಡೀತಿದೆ. ಡಿವಿಡಿಯ ಎಂಪೆಗ್-2 ಕೂಡ ಅದೇ ಬಿಚ್ಚುತ್ತೆ. ನಿಮ್ಮ ನಾಲ್ಕನೇ ಜನರೇಷನ್ ಚಿಪ್ಪು ಬಂದಿದ್ದು 2013ರಲ್ಲಿ, ಅದೇ ವರ್ಷ ಎಚ್.265 ಅಂದ್ರೆ ಎಚ್‌ಇವಿಸಿ ಸ್ಟ್ಯಾಂಡರ್ಡ್ ಹೊರಗೆ ಬಂತು. ಸ್ಟ್ಯಾಂಡರ್ಡ್ ಕಾಗದದ ಮೇಲೆ ಗಟ್ಟಿ ಆಗಿ ಅದು ಸಿಲಿಕಾನ್ ಆಗೋಕೆ ಇನ್ನೂ ಎರಡು ಮೂರು ವರ್ಷ ಬೇಕು, ಹಂಗಾಗಿ ನಿಮ್ಮ ಚಿಪ್ಪಿಗೆ ಅದರ ಪೂರ್ತಿ ಗಾಣ ಸಿಗ್ಲೇ ಇಲ್ಲ. ಇಂಟೆಲ್ ಆರನೇ ಜನರೇಷನ್ನಲ್ಲಿ, 2015ರಲ್ಲಿ, 8 ಬಿಟ್ (ಬಿಟ್ ಅಂದ್ರೆ ಇಲ್ಲಿ ಬಣ್ಣದ ಮೆಟ್ಲುಗಳ ಲೆಕ್ಕ, ಮುಂದೆ ಹೇಳ್ತೀನಿ) ಎಚ್‌ಇವಿಸಿಗೆ ಪೂರ್ತಿ ಸರ್ಕ್ಯೂಟ್ ಕೊಡ್ತು, 10 ಬಿಟ್ಟಿಗೆ ಸರಿಯಾದ ಸರ್ಕ್ಯೂಟ್ ಬಂದಿದ್ದು ಏಳನೇ ಜನರೇಷನ್ನಲ್ಲಿ, ಯೂಟ್ಯೂಬ್ ಬಳಸೋ ವಿಪಿ9 ಅನ್ನೋ ಜಾತಿ ಕೂಡ ಅಲ್ಲೇ ಪಕ್ಕಾ ಆಯ್ತು. ಎವಿ1 ಅನ್ನೋ ಹೊಸ ಜಾತಿ 2018ರದು, ಅದಕ್ಕೆ ಇಂಟೆಲ್‌ನಲ್ಲಿ ಜಾಗ ಸಿಕ್ಕಿದ್ದು 2020ರ ಹನ್ನೊಂದನೇ ಜನರೇಷನ್‌ಗೆ.

ಇಲ್ಲಿ ಲೆಕ್ಕ ಒಂದ್ಸಲ ನೋಡ್ಬಿಡಿ, ಮೇಷ್ಟ್ರಿಗೆ ಇಷ್ಟ ಆಗುತ್ತೆ. 4ಕೆ ಅಂದ್ರೆ ಅಡ್ಡ 3840 ಚುಕ್ಕಿ, ಉದ್ದ 2160 ಚುಕ್ಕಿ, ಗುಣಿಸಿದ್ರೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ. ಮದುವೆ ವಿಡಿಯೋದವ್ರು ಸೆಕೆಂಡಿಗೆ 50 ಫ್ರೇಮ್ ಇಟ್ಟಿದ್ರೆ ಸೆಕೆಂಡಿಗೆ 41 ಕೋಟಿಗಿಂತ ಜಾಸ್ತಿ ಚುಕ್ಕಿ ಆಯ್ತು. ನಿಮ್ಮ ಹಳೇ 1080ಪಿ (1920ಕ್ಕೆ 1080 ಚುಕ್ಕಿ) ಸಿನಿಮಾ 25 ಫ್ರೇಮಿನದು ಅಂತಿಟ್ಕೊಂಡ್ರೆ ಅದು ಬರೀ 5 ಕೋಟಿ ಚಿಲ್ರೆ, ಅಂದ್ರೆ ಎಂಟು ಪಟ್ಟು ಕೆಲ್ಸ ಒಂದೇ ಸಲ ಮೇಲೆ ಬಿತ್ತು. ಅದ್ರ ಮೇಲೆ ಎಚ್‌ಇವಿಸಿ ಒಂದೊಂದು ಚುಕ್ಕಿಗೂ ಜಾಸ್ತಿ ಯೋಚ್ನೆ ಮಾಡ್ಸುತ್ತೆ. ಎಚ್.264 ಚಿತ್ರನ 16ಕ್ಕೆ 16ರ ಚೌಕ ಮಾಡ್ಕೊಂಡ್ರೆ ಎಚ್‌ಇವಿಸಿ 64ಕ್ಕೆ 64ರವರೆಗೂ ಹೋಗುತ್ತೆ, ಆ ಚೌಕನ ಒಳಗೊಳಗೇ ಬೇಕಾದ ಹಾಗೆ ಸೀಳ್ಕೊಳ್ಳುತ್ತೆ, ಹಿಂದಿನ ಚಿತ್ರದಲ್ಲಿ ಈ ತುಂಡು ಎಲ್ಲಿತ್ತು ಎತ್ತ ಸರೀತು ಅಂತ ಹೆಚ್ಚು ಹೆಚ್ಚು ಊಹೆ ಮಾಡುತ್ತೆ. ಅಷ್ಟೆಲ್ಲಾ ಮಾಡೋದಕ್ಕೇ ಅದೇ ಗುಣಮಟ್ಟ ಹೆಚ್ಚುಕಮ್ಮಿ ಅರ್ಧ ಸೈಜಲ್ಲಿ ಕೂರುತ್ತೆ. ಪೆನ್‌ಡ್ರೈವಲ್ಲಿ ಜಾಗ ಉಳೀತು, ಆದ್ರೆ ಉಳಿದ ಜಾಗದ ಸಾಲನ ತೀರ್ಸೋದು ಬಿಚ್ಚೋ ಕಡೆಯ ಯಂತ್ರ.

ಇನ್ನೊಂದು ತೊಡಕು, ಈ ಕೆಲ್ಸನ ನಾಲ್ಕು ಕೋರಿಗೆ ಸಮ ಹಂಚ್ಬಿಡೋಣ ಅಂದ್ರೂ ಸುಲಭಕ್ಕೆ ಆಗಲ್ಲ. ಫೈಲಲ್ಲಿ ಬಿಟ್‌ಗಳನ್ನ ಒತ್ತಿ ಒತ್ತಿ ಇಟ್ಟಿರೋ ವಿಧಾನ ಹೆಂಗಿದೆ ಅಂದ್ರೆ ಹಿಂದಿನ ಬಿಟ್ ಏನು ಅಂತ ಗೊತ್ತಾಗದೆ ಮುಂದಿನದು ಗೊತ್ತಾಗಲ್ಲ, ಹೂವಿನ ದಂಡೆ ಬಿಚ್ಚಿದ ಹಾಗೆ ಒಂದು ಗಂಟು ಆದ್ಮೇಲೆ ಇನ್ನೊಂದು. ಸರ್ಕ್ಯೂಟು ಇದನ್ನೇ ಮಾಡೋಕೆ ಹುಟ್ಟಿರೋದ್ರಿಂದ ಒಂದೆರಡು ವ್ಯಾಟಲ್ಲಿ ಮುಗಿಸುತ್ತೆ, ಪ್ರೊಸೆಸರ್ ಮೈಯೆಲ್ಲಾ ಬಿಸಿ ಮಾಡ್ಕೊಂಡು ಮಾಡುತ್ತೆ, ಬಿಸಿ ಜಾಸ್ತಿ ಆದ್ರೆ ತಾನೇ ವೇಗ ಇಳಿಸ್ಕೊಳ್ಳುತ್ತೆ, ಅಲ್ಲಿಗೆ ಚಿತ್ರ ಇನ್ನೂ ಹಿಂದೆ ಬೀಳುತ್ತೆ. ಸೌಂಡ್ ಬಿಚ್ಚೋದು ತುಂಬ ಹಗುರ ಕೆಲ್ಸ, ಅದಕ್ಕೇ ಮಂತ್ರ ಸರಿಯಾಗಿ ಹೋಗ್ತಿರುತ್ತೆ.

ಇದನ್ನ ನಾನು ಮೊದಲ್ನೇ ಸಲ ಕಣ್ಣಾರೆ ಕಂಡಿದ್ದು ಇಂಟೆಲ್ ಆಟಮ್ 330 ಜೊತೆ ಎನ್‌ವಿಡಿಯಾ ಅಯಾನ್ ಚಿಪ್‌ಸೆಟ್ ಇದ್ದ ಪುಟ್ಟ ಪೆಟ್ಟಿಗೇಲಿ, 2009ರಲ್ಲಿ ಬಂದ ಸರಕು ಅದು. ಆ ಆಟಮ್ ಎಷ್ಟು ಮೆತ್ತಗೆ ಅಂದ್ರೆ ಬ್ರೌಸರ್ ತೆಗೆಯೋಕೂ ಯೋಚ್ನೆ ಮಾಡೋದು, ಆದ್ರೆ 1080ಪಿ ಸಿನಿಮಾ ಮಾತ್ರ ನೀರು ಹರಿದ ಹಾಗೆ ಓಡ್ಸೋದು, ಯಾಕಂದ್ರೆ ಎಚ್.264 ಗಾಣ ಅಯಾನ್ ಚಿಪ್ಪಲ್ಲಿತ್ತು. ಅದ್ರಲ್ಲಿ ಹಾಕಿದ್ದು ಎಕ್ಸ್‌ಬಿಎಂಸಿ ಅನ್ನೋ ಸಿನಿಮಾ ಓಡ್ಸೋ ಸಾಫ್ಟ್‌ವೇರ್, ಅದೇ 2014ರಲ್ಲಿ ಹೆಸ್ರು ಬದಲಾಯಿಸ್ಕೊಂಡು ಕೋಡಿ ಆಯ್ತು. ಅವತ್ತಿಂದ ನಾನು ಯಾರಿಗೇ ಬಾಕ್ಸ್ ಹೇಳಿದ್ರೂ ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್ ಅಂತ ಆಮೇಲೆ ನೋಡ್ತೀನಿ, ಮೊದ್ಲು ಯಾವ್ಯಾವ ಜಾತಿ ವಿಡಿಯೋ ಬಿಚ್ಚುತ್ತೆ ಅಂತ ನೋಡ್ತೀನಿ.

ಸರಿ, ಈಗ ನೀವು ಮಾಡ್ಬೇಕಾದ್ದು. ಮೊದ್ಲು ಫೈಲನ್ನ ಪೆನ್‌ಡ್ರೈವಿಂದ ಕಂಪ್ಯೂಟರ್ ಡಿಸ್ಕಿಗೆ ಕಾಪಿ ಮಾಡ್ಕೊಳ್ಳಿ, ಪೆನ್‌ಡ್ರೈವ್ ನಿಧಾನ ಅನ್ನೋ ಅನುಮಾನ ಅಲ್ಲಿಗೆ ಹೋಯ್ತು. ಆಮೇಲೆ ಮೀಡಿಯಾಇನ್ಫೋ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ ಅದ್ರಲ್ಲಿ ಫೈಲ್ ತೆಗೀರಿ. ಫಾರ್ಮ್ಯಾಟ್ ಏನು, ಬಿಟ್ ಡೆಪ್ತ್ 8 ಅಥ್ವಾ 10, ಫ್ರೇಮ್ ರೇಟ್ ಎಷ್ಟು, ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ಮಾಹಿತಿ ಎಷ್ಟು ಇಟ್ಟಿದಾರೆ ಅನ್ನೋದು) 4:2:0 ಇದ್ಯೋ 4:2:2 ಇದ್ಯೋ, ಈ ನಾಲ್ಕನ್ನ ಒಂದು ಚೀಟಿ ಮೇಲೆ ಬರ್ಕೊಳ್ಳಿ. ನಿಮ್ಮ ವರ್ಣನೆ ನೋಡಿದ್ರೆ ಎಚ್‌ಇವಿಸಿ, 10 ಬಿಟ್ ಅಂತ ಬರುತ್ತೆ ಅನ್ಸುತ್ತೆ. 10 ಬಿಟ್ ಅಂದ್ರೆ ಒಂದೊಂದು ಬಣ್ಣಕ್ಕೂ 256 ಮೆಟ್ಲು ಬದ್ಲು 1024 ಮೆಟ್ಲು, ಛತ್ರದ ಸ್ಟೇಜ್ ಹಿಂದಿನ ಬಟ್ಟೆ ಮೇಲೆ ಲೈಟು ನಿಧಾನಕ್ಕೆ ಮಸುಕಾಗೋ ಕಡೆ ಪಟ್ಟೆ ಪಟ್ಟೆ ಕಾಣ್ದೆ ನಯವಾಗಿ ಬರುತ್ತೆ. ಒಳ್ಳೇದೇ. ಆದ್ರೆ 8 ಬಿಟ್‌ಗೆ ಮಾಡಿದ ಗಾಣದ ಬಾಯಿಗೆ ಅದು ತೂರಲ್ಲ, ಎಚ್.264 ಗಾಣ ಇರೋ ನಿಮ್ಮ ಚಿಪ್ಪು ಕೂಡ 10 ಬಿಟ್ಟಿನ ಎಚ್.264 ಬಂದ್ರೆ ಕೈ ಎತ್ತುತ್ತೆ.

ಗಾಣ ಓಡ್ತಿದ್ಯೋ ಆಳು ಜಜ್ಜುತಿದಾನೋ ಅಂತ ನೋಡೋದೂ ಸುಲಭ. ವಿಡಿಯೋ ಓಡ್ತಿರೋವಾಗ ಟಾಸ್ಕ್ ಮ್ಯಾನೇಜರ್ ತೆಗ್ದು ಪರ್ಫಾರ್ಮೆನ್ಸ್‌ಗೆ ಹೋಗಿ ಜಿಪಿಯು ಒತ್ತಿ, ಅಲ್ಲಿ ವಿಡಿಯೋ ಡಿಕೋಡ್ ಅಂತ ಒಂದು ಗ್ರಾಫ್ ಇದೆ. ಹಳೇ ಸಿನಿಮಾ ಹಾಕಿ ನೋಡಿ, ಅದು ಏಳುತ್ತೆ, ಸಿಪಿಯು ತಣ್ಣಗಿರುತ್ತೆ. ಮದುವೆ ಹಾಕಿ, ಅದು ನೆಲ ಕಚ್ಚಿರುತ್ತೆ, ಸಿಪಿಯು ನೂರು ಮುಟ್ಟುತ್ತೆ. ಕೋಡಿ ಇದ್ರೆ ಕೀಬೋರ್ಡಲ್ಲಿ ಇಂಗ್ಲಿಷಿನ ಓ ಒತ್ತಿದ್ರೆ ಡಿಕೋಡರ್ ಹೆಸರ ಪಕ್ಕ ಹಾರ್ಡ್‌ವೇರೋ ಸಾಫ್ಟ್‌ವೇರೋ ಅಂತ ಎರಡಕ್ಷರದಲ್ಲಿ ತೋರ್ಸುತ್ತೆ. ಒಂದ್ವೇಳೆ ಹಳೇ ಸಿನಿಮಾಗೂ ಗ್ರಾಫ್ ಏಳ್ಲಿಲ್ಲ ಅಂದ್ರೆ ಗ್ರಾಫಿಕ್ಸ್ ಡ್ರೈವರ್ ಹಾಕೇ ಇಲ್ಲ ಅಂತರ್ಥ, ಡಿವೈಸ್ ಮ್ಯಾನೇಜರಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಕಾಣ್ತಿದ್ರೆ ಇಂಟೆಲ್ ಡ್ರೈವರ್ ಹಾಕಿ. ಸೆಕೆಂಡ್ ಹ್ಯಾಂಡ್ ಡಬ್ಬಗಳಲ್ಲಿ ಇದು ತುಂಬ ಸಲ ನೋಡಿದೀನಿ.

ದುಡ್ಡಿಲ್ದೆ ಆಗೋ ದಾರಿಗಳು ಮೂರಿವೆ, ಮೊದಲ್ನೇದು ಯಾರೂ ಯೋಚ್ನೆನೇ ಮಾಡಲ್ಲ. ಪೆನ್‌ಡ್ರೈವನ್ನ ಸೀದಾ ಟಿವಿ ಹಿಂದೆ ಚುಚ್ಚಿ! ನಿಮ್ಮದು 4ಕೆ ಸ್ಮಾರ್ಟ್ ಟಿವಿ ಆಗಿದ್ರೆ 4ಕೆ ಸಿನಿಮಾ ಇಂಟರ್ನೆಟ್ಟಿಂದ ತೋರ್ಸೋಕೇ ಅದಕ್ಕೆ ಎಚ್‌ಇವಿಸಿ 10 ಬಿಟ್ ಸರ್ಕ್ಯೂಟ್ ಬೇಕೇ ಬೇಕು, ಅಂದ್ರೆ ನೀವು ಹುಡುಕ್ತಿರೋ ಗಾಣ ನಿಮ್ಮ ಹಾಲ್‌ನಲ್ಲೇ ಗೋಡೆ ಮೇಲೆ ನೇತಾಡ್ತಿದೆ. ಡ್ರೈವ್ ಕಾಣಿಸ್ತಿಲ್ಲ ಅಂದ್ರೆ ಗಾಬರಿ ಬೇಡ, ಕೆಲವು ಟಿವಿ ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟಿನ ಡ್ರೈವ್ ಓದಲ್ಲ, ಡ್ರೈವನ್ನ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ ಕಾಪಿ ಹಾಕಿ ನೋಡಿ. ಫ್ಯಾಟ್32 ಮಾಡೋಕೆ ಹೋಗ್ಬೇಡಿ, ಅದ್ರಲ್ಲಿ ಒಂದು ಫೈಲ್ 4 ಜಿಬಿ ದಾಟಂಗಿಲ್ಲ, ಸೆಕೆಂಡಿಗೆ 50 ಮೆಗಾಬಿಟ್‌ನ ವಿಡಿಯೋ ಹನ್ನೊಂದು ನಿಮಿಷಕ್ಕೇ 4 ಜಿಬಿ ಆಗ್ಬಿಡುತ್ತೆ. ಆಮೇಲೆ ಫಾರ್ಮ್ಯಾಟ್ ಮಾಡೋಕೆ ಮುಂಚೆ ಮೂಲ ಫೈಲ್ ಎರಡು ಬೇರೆ ಬೇರೆ ಡಿಸ್ಕಲ್ಲಿ ಇದೆ ಅಂತ ಖಾತ್ರಿ ಮಾಡ್ಕೊಳ್ಳಿ ಮೇಷ್ಟ್ರೇ, ಒಂದೇ ಪೆನ್‌ಡ್ರೈವನ್ನ ನಂಬ್ಕೊಂಡು ಮದುವೆ ವಿಡಿಯೋನೇ ಕಳ್ಕೊಂಡ ಮನೆಗಳಿವೆ, ಅವ್ರ ಮುಖ ನೋಡೋಕಾಗಲ್ಲ.

ಎರಡನೇದು, ವಿಡಿಯೋ ತೆಗ್ದವ್ರಿಗೆ ಒಂದು ಫೋನ್ ಮಾಡಿ. ಈಗಿನ ಒಳ್ಳೇ ಕ್ಯಾಮೆರಾಗಳು 4:2:2 10 ಬಿಟ್ಟಲ್ಲಿ ರೆಕಾರ್ಡ್ ಮಾಡ್ತವೆ, ಬಣ್ಣದ ಮಾಹಿತಿ ಮಾಮೂಲಿ 4:2:0ಗಿಂತ ದುಪ್ಪಟ್ಟು, ಎಡಿಟಿಂಗಲ್ಲಿ ಬಣ್ಣ ತಿದ್ದೋಕೆ ಅದು ಬೇಕು. ಆದ್ರೆ ಮನೇಲಿ ನೋಡೋ ಯಂತ್ರಗಳು ಬಹುಪಾಲು ಹುಟ್ಟಿರೋದೇ 4:2:0ಗೆ. ಕುವೆಂಪುನಗರದ ಒಂದು ಮನೇಲಿ ಹೊಸ ಬಾಕ್ಸೂ ಓಡಿಸ್ಲಿಲ್ಲ ಹೊಸ ಟಿವಿನೂ ಓಡಿಸ್ಲಿಲ್ಲ, ಎರಡನ್ನೂ ವಾಪಸ್ ಕೊಡೋಕೆ ಹೊರಟಿದ್ರು, ನಾನು ಹೋಗಿ ಮೀಡಿಯಾಇನ್ಫೋ ತೆಗ್ದು ನೋಡಿದ್ರೆ 4:2:2 ಎಚ್.264 10 ಬಿಟ್, ಆ ಜೋಡಣೆಗೆ ಇಂಟೆಲ್‌ನ ಆವತ್ತಿನ ಯಾವ ಚಿಪ್ಪಲ್ಲೂ ಸರ್ಕ್ಯೂಟ್ ಇರ್ಲಿಲ್ಲ. ಕ್ಯಾಮೆರಾದ ಮೂಲ ಕ್ಲಿಪ್ಪುಗಳನ್ನೇ ಕೊಟ್ಬಿಟ್ಟಿದ್ರು ಪಾಪ. ನಿಮ್ಮ ಚೀಟೀಲೂ 4:2:2 ಅಂತ ಬಂದ್ರೆ ಹೊಸ ಕಂಪ್ಯೂಟರ್ ಕಡೆ ತಿರುಗೂ ನೋಡ್ಬೇಡಿ, "ಟಿವೀಲಿ ನೋಡೋಕೆ ಎಚ್.264, 1080ಪಿ, 8 ಬಿಟ್, 4:2:0 ಒಂದು ಕಾಪಿ ಮಾಡ್ಕೊಡಿ ಅಪ್ಪಾ" ಅಂತ ಕೇಳಿ, ಅವ್ರ ಹತ್ರ ಎಡಿಟಿಂಗ್ ಪ್ರಾಜೆಕ್ಟ್ ಇನ್ನೂ ಇದ್ರೆ ಸಲೀಸಾಗಿ ಮಾಡ್ಕೊಡ್ತಾರೆ. 43 ಇಂಚಿನ ಟಿವೀಲಿ ಎಂಟತ್ತು ಅಡಿ ದೂರ ಕೂತು ನೋಡಿದ್ರೆ ಒಳ್ಳೇ 1080ಪಿಗೂ 4ಕೆಗೂ ವ್ಯತ್ಯಾಸ ಹುಡುಕೋದು ಕಷ್ಟ, ಇದು ನನ್ನ ಕಣ್ಣಿನ ಮಾತು.

ಅವ್ರು ಸಿಗ್ಲಿಲ್ಲ ಅಂದ್ರೆ ಮೂರನೇದು, ನೀವೇ ಹ್ಯಾಂಡ್‌ಬ್ರೇಕ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಬದಲಾಯಿಸ್ಕೊಳ್ಳಿ. ನಿಮ್ಮ ಐ5ಗೆ ಓಡ್ತಾ ಓಡ್ತಾ ಬಿಚ್ಚೋಕೆ ಟೈಮ್ ಸಾಲಲ್ಲ ಅಷ್ಟೇ, ಟೈಮ್ ಕೊಟ್ರೆ ಬಿಚ್ಚೇ ಬಿಚ್ಚುತ್ತೆ, ರಾತ್ರಿ ಮಲಗೋವಾಗ ಹಚ್ಚಿ ಬಿಡಿ. ಫಾಸ್ಟ್ 1080ಪಿ30 ಅನ್ನೋ ಪ್ರೀಸೆಟ್ ತಗೊಂಡು ಕ್ವಾಲಿಟಿ 19, 20ರ ಸುತ್ತ ಇಡಿ, ಆದ್ರೆ ಹುಷಾರು, ಆ ಪ್ರೀಸೆಟ್ ಫ್ರೇಮ್ ರೇಟನ್ನ 30ಕ್ಕಿಂತ ಮೇಲೆ ಹೋಗೋಕೆ ಬಿಡಲ್ಲ, ನಿಮ್ಮ ಮೂಲ 50 ಇದ್ರೆ ವಿಡಿಯೋ ಟ್ಯಾಬಲ್ಲಿ ಫ್ರೇಮ್ ರೇಟ್ ಮೂಲದಲ್ಲಿದ್ದಂಗೇ ಅಂತ ಆರಿಸ್ಕೊಳ್ಳಿ, ಇಲ್ದಿದ್ರೆ ಮೆರವಣಿಗೆ ಕುಣಿತ ಎಲ್ಲಾ ಎಗರಿ ಎಗರಿ ಬರುತ್ತೆ. ಮೂಲ ಫೈಲ್ ಮಾತ್ರ ಅಳಿಸ್ಬೇಡಿ. ಇವತ್ತು ನಿಮ್ಮ ಬಾಕ್ಸಿಗೆ ಆಗ್ದೇ ಇರೋದು ಹತ್ತು ವರ್ಷ ಆದ್ಮೇಲೆ ಮೊಮ್ಮಕ್ಕಳ ಕೈಲಿರೋ ಫೋನಿಗೆ ಲೆಕ್ಕಕ್ಕೇ ಇರಲ್ಲ, ಅವ್ರು ನೋಡ್ಲಿ 4ಕೆನಲ್ಲೇ.

ಯೂಟ್ಯೂಬ್ ಜಂಬೂಸವಾರಿ ವಿಷ್ಯ. ಯೂಟ್ಯೂಬ್ 4ಕೆನ ಎಚ್.264ನಲ್ಲಿ ಕೊಡಲ್ಲ, ವಿಪಿ9 ಅಥ್ವಾ ಎವಿ1ನಲ್ಲಿ ಕೊಡುತ್ತೆ, ನಿಮ್ಮ ಚಿಪ್ಪಲ್ಲಿ ಎರಡರ ಪೂರ್ತಿ ಸರ್ಕ್ಯೂಟೂ ಇಲ್ಲ. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾಟ್ಸ್ ಫಾರ್ ನರ್ಡ್ಸ್ ತೆಗೆದ್ರೆ ಯಾವ ಕೋಡೆಕ್, ಅಂದ್ರೆ ಯಾವ ಜಾತಿ ಬರ್ತಿದೆ ಅಂತ ಕಾಣುತ್ತೆ. ಎಚ್264ಇಫೈ ಅಂತ ಬ್ರೌಸರಿಗೆ ಹಾಕೋ ಒಂದು ಎಕ್ಸ್‌ಟೆನ್ಷನ್ ಇದೆ, ಅದು ಯೂಟ್ಯೂಬಿಗೆ ನನಗೆ ಎಚ್.264 ಒಂದೇ ಗೊತ್ತು ಅಂತ ಹೇಳುತ್ತೆ, ಆಗ 1080ಪಿವರೆಗೂ ಬರುತ್ತೆ, ಆನೆ ಅಂಬಾರಿ ಎಲ್ಲಾ ನಿಲ್ದೆ ಸಾಗುತ್ತೆ. ಅಥ್ವಾ ಟಿವೀಲಿರೋ ಯೂಟ್ಯೂಬಲ್ಲೇ ನೋಡಿ.

ಇಷ್ಟೆಲ್ಲಾ ಆದ್ಮೇಲೂ ಹೊಸ ಡಬ್ಬ ಬೇಕು ಅನ್ಸಿದ್ರೆ ಹೇಳ್ತೀನಿ. ಅದೇ ಥರ ಆಫೀಸಿನ ಹಳೇ ಪುಟ್ಟ ಪೆಟ್ಟಿಗೆ ತಗೊಳ್ಳೋದಾದ್ರೆ ಏಳನೇ ಜನರೇಷನ್ನಿಗಿಂತ ಕೆಳಗಿನದು ಮುಟ್ಬೇಡಿ, ಆರನೇದು ಎಷ್ಟೇ ಅಗ್ಗಕ್ಕೆ ಕೊಟ್ರೂ ಬೇಡ, 10 ಬಿಟ್ಟಲ್ಲಿ ಕೈ ಕೊಡುತ್ತೆ. ಏಳರಿಂದ ಹತ್ತರವರೆಗೂ ಎಚ್‌ಇವಿಸಿ ವಿಪಿ9 ಎರಡೂ ಆಗುತ್ತೆ, ಎವಿ1 ಸರ್ಕ್ಯೂಟ್ ಇರಲ್ಲ, ಎವಿ1 1080ಪಿ ಬಂದ್ರೆ ಡೇವಿಡ್ ಅನ್ನೋ ಒಳ್ಳೇ ಸಾಫ್ಟ್‌ವೇರ್ ಡಿಕೋಡರ್ ಇದೆ, ಪ್ರೊಸೆಸರೇ ತಳ್ಳುತ್ತೆ. ಹೊಸದೇ ತಗೊಳ್ಳೋದಾದ್ರೆ ನನ್ನ ಆಯ್ಕೆ ಇಂಟೆಲ್ ಎನ್100 ಇರೋ ಮಿನಿ ಪಿಸಿ, 2023ರ ಚಿಪ್ಪು, ನಾಲ್ಕೇ ಕೋರು, 6 ವ್ಯಾಟ್ ಅಂತ ಕಂಪನಿಯ ಲೆಕ್ಕ, ಎಚ್‌ಇವಿಸಿ 10 ಬಿಟ್, ವಿಪಿ9, ಎವಿ1 ಮೂರಕ್ಕೂ ಸರ್ಕ್ಯೂಟ್ ಇದೆ. ಲೆಕ್ಕಪತ್ರದ ಕೆಲ್ಸಕ್ಕೆ ನಿಮ್ಮ ಐ5 ಅದಕ್ಕೆ ಸರಿಸಮ ನಿಲ್ಲಬಹುದು, ವಿಡಿಯೋಗೆ ಮಾತ್ರ ಹತ್ರಾನೂ ಬರಲ್ಲ. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಇಷ್ಟ ಪಡೋರೂ ಇದಾರೆ, ಪೈ 4 ಮತ್ತೆ ಪೈ 5 ಎರಡೂ ಎಚ್‌ಇವಿಸಿ 4ಕೆ 60 ಫ್ರೇಮ್ ಬಿಚ್ಚುತ್ತೆ, ಲಿಬ್ರೆಎಲೆಕ್ ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಮ್ ಹಾಕಿದ್ರೆ ಸೀದಾ ಕೋಡಿಗೇ ಬರುತ್ತೆ. ಪೈ 5ರಲ್ಲಿ ಎಚ್.264 ಸರ್ಕ್ಯೂಟನ್ನೇ ತೆಗ್ದುಬಿಟ್ಟಿದಾರೆ, ಅದ್ರ ಪ್ರೊಸೆಸರ್ 1080ಪಿಗೆ ಸಾಕಾಗೋದ್ರಿಂದ ತೊಂದ್ರೆ ಇಲ್ಲ, ಆದ್ರೆ ಎರಡ್ರಲ್ಲೂ ವಿಪಿ9, ಎವಿ1 ಇಲ್ಲ, ಅಂದ್ರೆ ಯೂಟ್ಯೂಬ್ 4ಕೆ ಆಸೆ ಬಿಡ್ಬೇಕು. ಮನೇಲಿ ಫೈಲ್ ಮಾತ್ರ ನೋಡೋರಿಗೆ ಪೈ, ಎಲ್ಲಾ ನೋಡೋರಿಗೆ ಎನ್100.

ಯಾವುದೇ ಡಬ್ಬ ಆಗ್ಲಿ ಟಿವಿವರೆಗಿನ ತಂತಿನೂ ನೋಡ್ಬೇಕು. ನಿಮ್ಮ ಈಗಿನ ಪೆಟ್ಟಿಗೆಯ ಎಚ್‌ಡಿಎಂಐ 1.4 ಕಾಲದ್ದು, 4ಕೆನಲ್ಲಿ ಸೆಕೆಂಡಿಗೆ 30 ಸಲಕ್ಕಿಂತ ಜಾಸ್ತಿ ಚಿತ್ರ ಕಳ್ಸಲ್ಲ, ಹಂಗಾಗಿ ಈಗ 1080ಪಿ ಕಾಪಿ ನೋಡೋವಾಗ ಔಟ್‌ಪುಟ್ಟನ್ನೂ 1080ಪಿಗೇ ಇಡಿ, 50 ಹರ್ಟ್ಸ್ ಸಿಗುತ್ತೆ. ನಮ್ಮ ಕಡೆ ಕರೆಂಟು 50 ಹರ್ಟ್ಸ್, ಛತ್ರದ ಲೈಟು ವಿಡಿಯೋದಲ್ಲಿ ಮಿಣುಕ್ಬಾರ್ದು ಅಂತ ಫೋಟೋಗ್ರಾಫರುಗಳು 25 ಇಲ್ಲಾ 50 ಫ್ರೇಮ್ ಇಡ್ತಾರೆ, ಅದನ್ನ 60 ಹರ್ಟ್ಸಲ್ಲಿ ತೋರ್ಸಿದ್ರೆ ಗಾಣ ಸರಿ ಇದ್ರೂ ಕ್ಯಾಮೆರಾ ತಿರುಗೋ ಕಡೆ ಸಣ್ಣದಾಗಿ ಜಗ್ಗಿದ ಹಾಗೆ ಕಾಣುತ್ತೆ. ಕೋಡಿ ಸೆಟ್ಟಿಂಗ್ಸಲ್ಲಿ ಪ್ಲೇಯರ್, ವಿಡಿಯೋಸ್ ಅಂತ ಹೋಗಿ ಡಿಸ್‌ಪ್ಲೇ ರಿಫ್ರೆಶ್ ರೇಟ್ ಹೊಂದಿಸೋದನ್ನ ಆನ್ ಮಾಡಿದ್ರೆ ಫೈಲಿಗೆ ತಕ್ಕ ಹಾಗೆ ಅದೇ ಟಿವಿನ ಬದಲಾಯಿಸ್ಕೊಳ್ಳುತ್ತೆ. ಮುಂದೆ ಎನ್100 ತಗೊಂಡ್ರೆ ಟಿವಿ ಮೆನುನಲ್ಲಿ ಆ ಎಚ್‌ಡಿಎಂಐ ಪೋರ್ಟಿಗೆ ಎನ್‌ಹ್ಯಾನ್ಸ್ಡ್ ಅಥ್ವಾ ಯುಎಚ್‌ಡಿ ಕಲರ್ ಅಂತ ಒಂದು ಆಯ್ಕೆ ಇರುತ್ತೆ, ಎಷ್ಟೋ ಟಿವೀಲಿ ಅದು ಆಫ್ ಆಗೇ ಬಂದಿರುತ್ತೆ, ಅದನ್ನ ಆನ್ ಮಾಡಿ. ಮೊದ್ಲು ಆ ನಾಲ್ಕು ಸಾಲಿನ ಚೀಟಿ ಬರ್ದು ಕಳ್ಸಿ ಮೇಷ್ಟ್ರೇ, 4:2:0 ಇದ್ಯೋ 4:2:2 ಇದ್ಯೋ ಅಂತ ಗೊತ್ತಾದ್ರೆ ಮೂರರಲ್ಲಿ ಯಾವ ದಾರಿ ಅಂತ ಒಂದೇ ಮಾತಲ್ಲಿ ಹೇಳ್ತೀನಿ.